ನೀವು ಒಪ್ಪಿದ ನನ್ನ ಅರ್ಜಿಯನ್ನು ದಯವಿಟ್ಟು ತಿರಸ್ಕರಿಸಿ

ಬಂದರು ಮತ್ತು ಜಲವಿಹಾರಗಳ ನಿಯಂತ್ರಣಾಧಿಕಾರಿಗಳಿಗೆ,

ಮಾನ್ಯರೇ,

ಕಡಲದಂಡೆಯ ಹಳೆಯ ಆಸ್ಪತ್ರೆಯ ಎದುರು, ದಡದಿಂದ ನಾನೂರೈವತ್ತು ಮೀಟರ್ ದೂರದಲ್ಲಿ, ನೀವು ಹನ್ನೊಂದು ಹಳದಿ ಡ್ರಮ್ಮುಗಳನ್ನು ಸರಪಳಿ ಕಟ್ಟಿ ತೇಲಿಬಿಟ್ಟಿದ್ದೀರಿ. ಪ್ರವಾಸಿಗರು ನೀರಿನ ಮೇಲೆ ಬೈಕಿನಂತೆ ಓಡಿಸುವ ಜೆಟ್ ಸ್ಕೀಗಳು ಅವುಗಳನ್ನು ದಾಟಿ ಒಳಗೆ ಬರಕೂಡದು ಎಂಬುದು ನಿಮ್ಮ ಆದೇಶ. ಆ ಡ್ರಮ್ಮುಗಳನ್ನು ತೆಗೆಸಿ. ಅವುಗಳನ್ನು ಹಾಕಿಸಿ ಎಂದು ಅರ್ಜಿ ಕೊಟ್ಟವನು ನಾನೇ. ಆ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ನಾಲ್ಕು ಸಲ ಬರೆದವನೂ ನಾನೇ. ಡ್ರಮ್ಮು ಹಾಕಿಸಿ ಎಂಬ ಮೊದಲ ಅರ್ಜಿಗೆ ನಿಮ್ಮ ಕಚೇರಿ ಹತ್ತೊಂಬತ್ತು ದಿನಗಳಲ್ಲಿ ಓಗೊಟ್ಟಿತು. ಉಳಿದ ನಾಲ್ಕಕ್ಕೂ ಸೇರಿ ಐದು ತಿಂಗಳ ನಂತರ ಒಂದು ಉತ್ತರ ಬಂದಿದೆ, ಅದರ ಸೊಬಗನ್ನು ಮುಂದೆ ವರ್ಣಿಸುತ್ತೇನೆ. ಲಕೋಟೆಯಲ್ಲಿ ಮುಚ್ಚಿ ಬರೆದು ಬರೆದು ಸಾಕಾಗಿದೆ. ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಮುಖ ನಿಮಗೆ ಗೊತ್ತಿರಲಾರದು, ನನ್ನ ಬರವಣಿಗೆ ಮಾತ್ರ ಖಂಡಿತ ಗೊತ್ತು. ನಿಮ್ಮ ಕಚೇರಿಯ ಗೇಟಿನೆದುರು, ತಗಡಿನ ಮಾಡಿನ ಕೆಳಗೆ, ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತನಾಲ್ಕು ವರ್ಷದಿಂದ ಕೂತಿದ್ದೇನೆ. ನಿಮ್ಮ ಮೇಜಿನ ಮೇಲೆ ಧೂಳು ತಿನ್ನುತ್ತಿರುವ ಅರ್ಜಿಗಳಲ್ಲಿ ಅರ್ಧದಷ್ಟು ನನ್ನ ಕೈಯವು. ದೋಣಿಯ ಪರವಾನಗಿ, ಮುರಿದ ಚರಂಡಿ, ಸತ್ತವರ ಪಿಂಚಣಿ, ಏನೇ ಇರಲಿ, ‘ಸವಿನಯ ಪ್ರಾರ್ಥನೆ’ ಎಂದೇ ಶುರುಮಾಡುವುದು ನನ್ನ ರೂಢಿ. ಹಾಗಾಗಿ ಗೇಟಿನ ಕಾವಲುಗಾರನಿಂದ ಹಿಡಿದು ಚಹಾದವನವರೆಗೆ ಎಲ್ಲರೂ ನನ್ನನ್ನು ಕರೆಯುವುದು ಸವಿನಯದವರು ಎಂದೇ. ಈ ಪತ್ರದಲ್ಲಿ ಆ ಪದ ಹುಡುಕಬೇಡಿ, ಮುಗಿದುಹೋಗಿದೆ.

ನನ್ನ ಹೆಂಡತಿ ಇಪ್ಪತ್ತಾರು ವರ್ಷ ಶಾಲಾ ವ್ಯಾನಿನ ಆಯಾ ಆಗಿದ್ದಳು. ಮಕ್ಕಳ ತಲೆ ಎಣಿಸುವುದು ಅವಳ ಕೆಲಸ. ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ. ಎರಡೂ ತಾಳೆಯಾಗದೆ ವ್ಯಾನು ಕದಲುವ ಹಾಗಿರಲಿಲ್ಲ, ಡ್ರೈವರು ಎಷ್ಟೇ ಗೊಣಗಲಿ. ಆ ಚಟ ಅವಳಿಗೆ ಎಷ್ಟು ಅಂಟಿತ್ತೆಂದರೆ ನಾವಿಬ್ಬರೇ ಎಲ್ಲಿಗಾದರೂ ಹೋದಾಗಲೂ ಬಸ್ಸಿಳಿದ ಕೂಡಲೇ ನನ್ನ ತಲೆ ಮುಟ್ಟಿ “ಒಂದು” ಅನ್ನುತ್ತಿದ್ದಳು. ನಮಗೆ ಮಕ್ಕಳಿಲ್ಲ. ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು.

ಹೋದ ವರ್ಷ ಅವಳ ಶ್ವಾಸಕೋಶ ಕೈಕೊಟ್ಟಿತು. ನಿಮ್ಮ ಡ್ರಮ್ಮುಗಳು ಕಾವಲು ಕಾಯುತ್ತಿರುವ ಅದೇ ಆಸ್ಪತ್ರೆಯ ಮೂರನೆಯ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಮಲಗಿಸಿದರು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಉಳಿಯುತ್ತಿರಲಿಲ್ಲ. ಭೇಟಿಯ ಸಮಯ ಸಂಜೆ ನಾಲ್ಕರಿಂದ ಆರು ಎಂದು ಬಾಗಿಲ ಮೇಲೆ ಬರೆದಿತ್ತು. ಬರೆದದ್ದನ್ನು ಮೀರುವ ಜಾಯಮಾನ ನನ್ನದಲ್ಲ. ದಿನವೂ ನಾಲ್ಕಕ್ಕೆ ಹೋಗುತ್ತಿದ್ದೆ, ಆರಕ್ಕೆ ಏಳುತ್ತಿದ್ದೆ. ಬೆಳಗಿನ ಹೊತ್ತು ಅವಳೇನು ಮಾಡುತ್ತಾಳೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕಾಯಿಲೆಯವರು ಮಲಗಿರುತ್ತಾರೆ, ಇನ್ನೇನು ಮಾಡುತ್ತಾರೆ ಅಂದುಕೊಂಡಿದ್ದೆ.

ಒಂದು ದಿನ ಅವಳ ಕನ್ನಡಕದ ಕಡ್ಡಿ ಮುರಿಯಿತು. ರಿಪೇರಿ ಮಾಡಿಸಿ, ಸಂಜೆಯವರೆಗೆ ಅವಳು ಕಣ್ಣು ಕಾಣದೆ ಇರಬಾರದೆಂದು ಬೆಳಿಗ್ಗೆಯೇ ಕೊಡಲು ಹೋದೆ. ಹತ್ತೂಕಾಲು ಗಂಟೆ. ವಾರ್ಡಿನ ಬಾಗಿಲಿಗೆ ಗಾಜಿದೆ. ಅದರಾಚೆ, ನಾಲ್ಕು ಹೆಜ್ಜೆ ದೂರದಲ್ಲಿ, ಅವಳು ಎದ್ದು ಕಿಟಕಿಗೆ ಆತು ಕೂತಿದ್ದಳು. ಹೊರಗೆ ಸಮುದ್ರದಲ್ಲಿ ಜೆಟ್ ಸ್ಕೀಗಳ ಸಾಲೊಂದು ಗರಗರ ಎನ್ನುತ್ತ ಹತ್ತಿರ ಬರುತ್ತಿತ್ತು. ನನ್ನ ಹೆಂಡತಿ ಕಣ್ಣು ಕಿರಿದು ಮಾಡಿ, ತಲೆಯ ಮೇಲೆ ಕೈ ಒತ್ತಿ ಹಿಡಿದಿದ್ದಳು. ಅಯ್ಯೋ, ಈ ಸದ್ದಿಗೆ ಇವಳ ತಲೆ ಸಿಡಿಯುತ್ತಿದೆ ಅಂದುಕೊಂಡೆ. ಒಳಗೆ ಹೋಗಿ ಕೇಳೋಣವೆಂದರೆ ಭೇಟಿಯ ಸಮಯವಲ್ಲ. ಕನ್ನಡಕವನ್ನು ನರ್ಸಿನ ಕೈಗೆ ಕೊಟ್ಟು, ಸೀದಾ ನನ್ನ ಮೇಜಿಗೆ ಬಂದು, ಕೂತವನು ಎದ್ದದ್ದು ಅರ್ಜಿ ಮುಗಿಸಿಯೇ.

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ. ಊರಿಗೆಲ್ಲ ಬರೆದುಕೊಟ್ಟ ನಾನು ಅಲ್ಲಿಯವರೆಗೆ ಮನೆಯವಳಿಗೋಸ್ಕರ ಒಂದು ಸಾಲು ಟೈಪ್ ಮಾಡಿರಲಿಲ್ಲ. ಆ ಅರ್ಜಿಗೆ ನನ್ನ ಮೂವತ್ತನಾಲ್ಕು ವರ್ಷದ ವಿದ್ಯೆಯನ್ನೆಲ್ಲ ಸುರಿದೆ. ರೋಗಿಗಳ ವಿಶ್ರಾಂತಿಯ ಹಕ್ಕು, ಶಬ್ದಮಾಲಿನ್ಯ, ನಾಗರಿಕ ಸಮಾಜ, ಯಾವುದನ್ನೂ ಬಿಡಲಿಲ್ಲ. ಮಾನ್ಯರೇ, ಕುಡಿಯುವ ನೀರು ಕೇಳಿದವರನ್ನು ಆರು ವರ್ಷ ಅಲೆಸಿದ ಕಚೇರಿ ನಿಮ್ಮದು. ಹಡಗುಕಟ್ಟೆಯ ದೀಪ ಕೆಟ್ಟಿದೆ ಎಂದು ನಾನೇ ಬರೆದುಕೊಟ್ಟ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ, ಕೊಟ್ಟಾತ ತೀರಿಹೋಗಿದ್ದಾನೆ. ಅಂಥ ನಿಮಗೆ ಆ ಒಂದು ಸಲ ಅಷ್ಟು ಅವಸರ ಯಾಕೆ ಬಂತು? ಪ್ರತಿ ಸಲದ ಹಾಗೆ ನನ್ನ ಕಾಗದವನ್ನು ಕಡತದ ಅಡಿಗೆ ತಳ್ಳಿ ಮರೆತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಆದೇಶ ಬಂದ ಸಂಜೆ ಅದನ್ನು ಹಿಡಿದು ವಾರ್ಡಿಗೆ ಹೋದೆ. ಮಂಚದ ತುದಿಯಲ್ಲಿ ನಿಂತು, ಏಳೂ ಮಂಚದವರಿಗೆ ಕೇಳಿಸುವ ಹಾಗೆ, ಆದೇಶದ ಸಂಖ್ಯೆಯಿಂದ ಹಿಡಿದು ನಿಮ್ಮ ಸಹಿಯವರೆಗೆ ಓದಿದೆ. ಚಪ್ಪಾಳೆಯನ್ನೇನೂ ಬಯಸಿರಲಿಲ್ಲ, ಆದರೂ ನಾಲ್ಕನೆಯ ಮಂಚದಲ್ಲಿದ್ದ, ಬಟ್ಟೆ ಹೊಲಿದು ಬದುಕುವ ಹೊಲಿಗೆಯಾಕೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ನನ್ನ ಹೆಂಡತಿ ಆ ಕಾಗದವನ್ನೂ ನನ್ನ ಮುಖವನ್ನೂ ಸ್ವಲ್ಪ ಹೊತ್ತು ನೋಡಿದಳು. “ಚೆನ್ನಾಗಿ ಬರ್ದಿದೀರಿ ಕಣ್ರೀ” ಅಂದಳು. ಅಷ್ಟೇ. ಆ ಮಾತನ್ನು ಎಷ್ಟು ದಿನ ಹಿಗ್ಗಿಕೊಂಡು ತಿರುಗಿದೆನೋ. ನಲವತ್ತೊಂದು ದಿನದ ನಂತರ ಅವಳು ಹೋದಳು.

ಅವಳ ಬಟ್ಟೆ, ಲೋಟ, ಕನ್ನಡಕ ತರಲು ಹೋದಾಗ ಹೊಲಿಗೆಯಾಕೆ ನನ್ನನ್ನು ಹತ್ತಿರ ಕರೆದರು.

“ನಿಮ್ಮ ಮೇಲೆ ನಂಗೆ ತುಂಬಾ ಸಿಟ್ಟಿತ್ತು ಅಣ್ಣ. ಹೇಳ್ಬೇಡಿ ಅಂತ ಅವ್ರು ಆಣೆ ಹಾಕಿದ್ರು, ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.”

“ಏನಮ್ಮ?”

“ಅದು ತಲೆನೋವಲ್ಲ ಅಣ್ಣ. ಆ ಜೆಟ್ ಸ್ಕೀಗಳ ಮುಂದೆ ಬರೋ ಹುಡುಗಿ ದಿನಾ ಇಲ್ಲಿಗ್ ಬಂದು, ಎಂಜಿನ್ ಆಫ್ ಮಾಡಿ, ತಲೆ ಮೇಲೆ ಕೈ ಇಡ್ತಿದ್ಲು. ಜೊತೇಲಿ ಬಂದೋರನ್ನ, ಎಲ್ಲ ಹುಷಾರಾಗಿದೀರಾ ಅಂತ ಕೇಳೋ ಸನ್ನೆ ಅದು. ಹುಷಾರಾಗಿರೋರು ತಿರುಗಿ ತಲೆ ಮೇಲೆ ಕೈ ಇಡ್ಬೇಕು. ಅವಳು ಎಣಿಸ್ತಾಳೆ. ಬೇರೆ ಯಾರಿಗೂ ತಿಳೀಲಿಲ್ಲ, ನಿಮ್ಮನೆಯವರಿಗೆ ನೋಡಿದ ಕೂಡ್ಲೇ ತಿಳೀತು. ಇವ್ರೂ ಕೈ ಇಟ್ರು. ಆಮೇಲೆ ನಾವೆಲ್ಲ ಇಡೋಕೆ ಶುರು ಮಾಡಿದ್ವಿ. ಹತ್ತೂಕಾಲು ಆಯ್ತು ಅಂದ್ರೆ ಏಳೋಕಾಗದೋರೂ ಎದ್ದು ಕೂರ್ತಿದ್ರು.”

ಅವಳ ಖಾಲಿ ಮಂಚದ ಮೇಲೆ ಕೂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾನೂ ಕೇಳ್ದೆ. ‘ಊರಿನೋರದ್ದೆಲ್ಲ ಬರೀತಾರೆ, ಮೊದಲ್ನೇ ಸಲ ನನಗೋಸ್ಕರ ಬರ್ದಿದಾರೆ, ಅದೂ ಗೆದ್ದಿದೆ. ಬೇಡ ಅಂತ ಹೆಂಗೆ ಹೇಳ್ಲಿ’ ಅಂದ್ರು. ಕೊನೇ ದಿನದವರೆಗೂ ಕೈ ಇಟ್ರು ಅಣ್ಣ. ಅಷ್ಟು ದೂರಕ್ಕೆ ನಾವು ಕಾಣ್ಸಲ್ಲ ಅಕ್ಕ ಅಂದ್ರೆ, ನಂಗೆ ಅವ್ರು ಕಾಣ್ತಾರಲ್ಲ ಅನ್ನೋರು. ನೀವು ರಿಪೇರಿ ಮಾಡಿಸ್ಕೊಟ್ರಲ್ಲ, ಆ ಕನ್ನಡಕ ಹಾಕ್ಕೊಂಡು ಎಣಿಸೋರು.”

ಬಾಗಿಲಲ್ಲಿ ಇನ್ನೊಂದು ನಿಮಿಷ ನಿಂತಿದ್ದರೆ ಎಂಜಿನ್ ಆರುವುದನ್ನು ನಾನೇ ಕೇಳುತ್ತಿದ್ದೆ. ನಾಲ್ಕು ಹೆಜ್ಜೆ ಒಳಗಿಟ್ಟಿದ್ದರೆ ಅವಳ ಮುಖದಲ್ಲಿ ನಗು ಇತ್ತೋ ನೋವಿತ್ತೋ ಗೊತ್ತಾಗುತ್ತಿತ್ತು. ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಅದು ನನ್ನದು, ಸಾಯುವವರೆಗೂ ನನ್ನದೇ.

ಮಾರನೆಯ ದಿನವೇ ಅರ್ಜಿ ಹಿಂಪಡೆಯಲು ಬರೆದೆ. ಮತ್ತೆ ಬರೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆಯನ್ನು ನಿಮ್ಮ ಕಚೇರಿ ತಿರುವಿ ಹಾಕಿದೆ: ಇಲ್ಲಿ ಕಟ್ಟುವುದು ನಿಮಿಷದ ಕೆಲಸ, ಬಿಚ್ಚುವುದಕ್ಕೇ ವರುಷ. ಕೊನೆಗೆ ಬಂದ ನಿಮ್ಮ ಉತ್ತರ ನನಗೆ ಬಾಯಿಪಾಠವಾಗಿದೆ. ‘ಅರ್ಜಿದಾರರು ಯಾವ ರೋಗಿಯ ಹಿತದೃಷ್ಟಿಯಿಂದ ಮೂಲ ಅರ್ಜಿ ಸಲ್ಲಿಸಿದ್ದರೋ ಸದರಿ ರೋಗಿಯ ಲಿಖಿತ ಒಪ್ಪಿಗೆಯನ್ನು ಲಗತ್ತಿಸಿದಲ್ಲಿ ಮಾತ್ರ ಮನವಿಯನ್ನು ಪರಿಗಣಿಸಲಾಗುವುದು.’ ಎಷ್ಟು ಒಪ್ಪವಾದ ವಾಕ್ಯ. ನಾನೇ ಬರೆದಂತಿದೆ. ಅವಳ ಮರಣ ಪ್ರಮಾಣಪತ್ರದ ಪ್ರತಿ ನನ್ನ ನಾಲ್ಕೂ ಅರ್ಜಿಗಳ ಜೊತೆಗಿತ್ತು. ಅದನ್ನು ಯಾರೂ ತೆರೆದು ನೋಡಲಿಲ್ಲವೇ? ಇರಲಿ. ಒಂದು ಮಾತು ಕೇಳುತ್ತೇನೆ. ಡ್ರಮ್ಮು ಹಾಕುವ ಮುನ್ನ ಈ ಒಪ್ಪಿಗೆ ಬೇಕೆಂದು ನಿಮಗೆ ಅನ್ನಿಸಲಿಲ್ಲವೇಕೆ? ಆಗ ಅವಳು ಬದುಕಿದ್ದಳು. ನೀವೂ ಅವಳನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವಾರ ಆ ಜೆಟ್ ಸ್ಕೀ ಪ್ರವಾಸಕ್ಕೆ ನಾನೂ ಒಂದು ಟಿಕೆಟ್ ಕೊಂಡೆ. ವಯಸ್ಸು ಅರವತ್ತೊಂದು, ಈಜು ಬಾರದು. ದಾರಿ ತೋರಿಸುವ ಹುಡುಗಿ, ಬಂದರಿನವರು ಲೆಕ್ಕದಕ್ಕ ಎಂದು ಕರೆಯುವಾಕೆ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಾರ್, ನೀವು ನನ್ನ ಹಿಂದೆ ಕೂತ್ಕೊಳ್ಳಿ” ಎಂದು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ತಾನೇ ಬಿಗಿದಳು. ಮರಳಿನ ಮೇಲೆ ನಿಲ್ಲಿಸಿ ಪಾಠ ಹೇಳಿದಳು: “ನೀರಲ್ಲಿ ಮಾತು ಕೇಳ್ಸಲ್ಲ. ಮುಷ್ಟಿ ಎತ್ತಿದ್ರೆ ನಿಲ್ಸಿ. ಅಂಗೈ ಕೆಳಗ್ ಮಾಡಿದ್ರೆ ನಿಧಾನ. ತಲೆ ಮೇಲೆ ಕೈ ಇಟ್ರೆ ಹುಷಾರಾಗಿದೀರಾ ಅಂತ. ಒಬ್ರು ತಿರುಗಿ ಕೈ ಇಡ್ಲಿಲ್ಲ ಅಂದ್ರೂ ನಾನು ಹೊರಡಲ್ಲ.”

ಎಂಟು ಜನ ಹೊರಟೆವು. ದೀಪಸ್ತಂಭ, ಹಳೆಯ ಕೋಟೆಗೋಡೆ, ಮುರಿದ ಕಡಲ ಸೇತುವೆ, ಒಂದೊಂದರ ಮುಂದೆಯೂ ನಿಲ್ಲಿಸಿ ಕಥೆ ಹೇಳಿದಳು. ನಿಮ್ಮ ಕಚೇರಿಯೂ ನೋಡತಕ್ಕ ಸ್ಥಳಗಳಲ್ಲಿ ಒಂದಂತೆ. “ನೂರು ವರ್ಷದ ಕಟ್ಟಡ. ಗೋಪುರದ ಗಡಿಯಾರ ನಿಂತು ಹನ್ನೊಂದು ವರ್ಷ ಆಯ್ತು” ಅಂದಳು. ಪ್ರವಾಸಿಗರು ಫೋಟೋ ತೆಗೆದರು. ನೀರಿನ ಕಡೆಯಿಂದ ನೋಡಿದರೆ ನನ್ನ ತಗಡಿನ ಮಾಡು ಕಾಣುವುದೇ ಇಲ್ಲ, ಗೊತ್ತೇ?

ಕೊನೆಗೆ ಹಳದಿ ಡ್ರಮ್ಮುಗಳ ಹತ್ತಿರ ಬಂದೆವು. ಅವಳು ಎಂಜಿನ್ ಆರಿಸಿದಳು. ಅಲ್ಲಿಂದ ಆಸ್ಪತ್ರೆ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಮೂರನೆಯ ಮಹಡಿ ಯಾವುದೆಂದು ಹೇಳಬಹುದು, ಕಿಟಕಿಯಲ್ಲಿ ಯಾರಿದ್ದಾರೆಂದು ಹೇಳಲಾಗದು.

“ಮುಂಚೆ ಹತ್ರ ಹೋಗ್ತಿದ್ವಿ” ಅಂದಳು. “ಯಾರೋ ಪುಣ್ಯಾತ್ಮ ಅರ್ಜಿ ಹಾಕಿದಾನೆ.”

“ಆ ಪುಣ್ಯಾತ್ಮ ನಾನೇ ಕಣಮ್ಮ” ಅಂದೆ. “ಕಿಟಕೀಲಿ ಕೈ ಇಡ್ತಿದ್ಲಲ್ಲ, ಅವಳು ನನ್ನ ಹೆಂಡ್ತಿ.”

ಅವಳು ಹಿಂದಕ್ಕೆ ತಿರುಗಲಿಲ್ಲ. “ಇಡ್ತಿದ್ರು ಅಂದ್ರೆ?” ಅಂದಳು. “ಹೋದ್ಲಮ್ಮ” ಅಂದೆ.

“ಮೊದಲ್ನೇ ದಿನ ಎಂಟು ಎಣಿಸಿದ್ದೆ ಸಾರ್. ತಲೆ ಎತ್ತಿದ್ರೆ ಮೇಲೆ ಒಂದು ಕೈ. ಒಂಬತ್ತು ಅಂದೆ. ಜೊತೇಲಿದ್ದೋರು ನಕ್ರು. ಅವತ್ತಿಂದ ಆ ಕಿಟಕಿ ನೋಡ್ದೆ ಹೊರಟೋಳಲ್ಲ ನಾನು. ಆಮೇಲೆ ಇದ್ದಕ್ಕಿದ್ದ ಹಾಗೆ ಈ ಡ್ರಮ್ಮು ಬಂತು. ಹೇಳಿ ಬರೋಕೂ ಆಗ್ಲಿಲ್ಲ. ಒಬ್ರನ್ನ ಬಿಟ್ಟು ಬಂದ್ಬಿಟ್ಟೆ ಅಂತ ದಿನಾ ಅನ್ಸುತ್ತೆ.”

ಅದನ್ನು ಹೇಳಿ ಅವಳು ತನ್ನ ಕೆಲಸಕ್ಕೆ ಮರಳಿದಳು. ತಲೆಯ ಮೇಲೆ ಕೈಯಿಟ್ಟಳು. ಸುತ್ತಲಿದ್ದವರೆಲ್ಲ ಕೈಯಿಟ್ಟರು. ನನ್ನ ಕೈ ಏಳಲಿಲ್ಲ. ಅವಳು ಈಗ ತಿರುಗಿ ನೋಡಿ ಕಾದಳು, ಎಲ್ಲರೂ ಕಾದರು, ಅಲೆ ನಮ್ಮನ್ನು ತೂಗುತ್ತಿತ್ತು. ಇವರನ್ನೆಲ್ಲ ಎಷ್ಟು ಹೊತ್ತು ನಿಲ್ಲಿಸಲಿ ಎಂದು ಕೊನೆಗೆ ತಲೆಯ ಮೇಲೆ ಕೈಯಿಟ್ಟೆ. ಮೂವತ್ತನಾಲ್ಕು ವರ್ಷದ ವೃತ್ತಿಯಲ್ಲಿ ನಾನು ತಿಳಿದೂ ತಿಳಿದೂ ಕೊಟ್ಟ ಸುಳ್ಳು ಹೇಳಿಕೆ ಅದೊಂದೇ.

ಮಾನ್ಯರೇ, ನನ್ನ ಪಾಲಿಗೆ ಏನು ಮಾಡಿದರೂ ಮಿಂಚಿ ಹೋದ ಕಾರ್ಯ. ಆದರೆ ವಾರ್ಡು ಖಾಲಿಯಾಗಿಲ್ಲವಲ್ಲ. ಹೊಲಿಗೆಯಾಕೆ ಇಂದಿಗೂ ಹತ್ತೂಕಾಲಿಗೆ ಎದ್ದು ಕೂರುತ್ತಾರೆ, ಯಾರಿಗೂ ಕಾಣದ ದೂರಕ್ಕೆ ಕೈ ತೋರಿಸುತ್ತಾರೆ. ಸದ್ದಿನಿಂದ ಯಾರಿಗಾದರೂ ತೊಂದರೆಯಾಗುವುದಾದರೆ ಅದನ್ನೂ ನಾನು ಊಹಿಸಿ ಹೇಳುವುದಿಲ್ಲ. ಊಹಿಸಿ ಕೆಟ್ಟಿದ್ದೇನೆ. ನೀವೇ ಬನ್ನಿ, ಭೇಟಿಯ ಸಮಯದಲ್ಲಲ್ಲ, ಬೆಳಿಗ್ಗೆ ಹತ್ತೂಕಾಲಿಗೆ. ಬಾಗಿಲ ಗಾಜಿನಿಂದ ನೋಡಿ ಹಿಂದಿರುಗಬೇಡಿ. ನಾನು ಇಡದ ಆ ನಾಲ್ಕು ಹೆಜ್ಜೆಗಳನ್ನು ನೀವಿಡಿ. ಒಂದೊಂದು ಮಂಚದವರನ್ನೂ ಕೇಳಿ. ಕೇಳಿದ ಮೇಲೆ ಡ್ರಮ್ಮುಗಳನ್ನು ತೆಗೆಸಿ, ಆ ಹುಡುಗಿಯನ್ನು ದಿನಕ್ಕೊಂದು ಸಲ ಕಿಟಕಿಯ ಹತ್ತಿರಕ್ಕೆ ಬಿಡಿ. ಅವಳ ಎಣಿಕೆ ಮುಗಿಯಲಿ.

ನೀವು ಕೇಳಿದ ಲಿಖಿತ ಒಪ್ಪಿಗೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಮೂರನೆಯ ಮಹಡಿಯ ಆ ವಾರ್ಡಿನ ಆರು ಜನರಲ್ಲಿ ಐವರು ಸಹಿ ಹಾಕಿದ್ದಾರೆ, ಬರೆಯಲಾಗದ ಒಬ್ಬರದು ಹೆಬ್ಬೆಟ್ಟು. ಪ್ರತಿಯೊಬ್ಬರನ್ನೂ ಮಂಚದ ಪಕ್ಕ ಕೂತು ಕೇಳಿಯೇ ಬರೆದಿದ್ದೇನೆ. ಆ ಪಟ್ಟಿಯಲ್ಲಿ ಕಿಟಕಿ ಪಕ್ಕದ ಮಂಚದ ಎದುರು ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ಲೋಪವೆಂದು ಗುರುತು ಹಾಕಿ ವಾಪಸು ಕಳಿಸಬೇಡಿ. ಅವಳು ಅಲ್ಲಿದ್ದಾಗ ನಾನು ಕೇಳಿರಲಿಲ್ಲ.

ಇಂತಿ,
ನಿಮ್ಮ ಕಚೇರಿಯಲ್ಲಿ ಒಂದೇ ಒಂದು ಸಲ ಗೆದ್ದು ಎಲ್ಲವನ್ನೂ ಸೋತ,
ಗೇಟಿನೆದುರಿನ ಸವಿನಯದವರು