ಮಜ್ಜಿಗೆ ಕುಡಿದ ಮಣ್ಣು

ಕುಳಗೇರಿ ಕ್ರಾಸ್
ಗುರುವಾರ, ೬ ಫೆಬ್ರುವರಿ ೨೦೨೫

ಮಹೇಶ್ವರಿಯ ಅಪ್ಪನವರಿಗೆ ಇಂದ್ರಾಬಾಯಿಯ ಶರಣು.

ಮೊಣಕಾಲು ಹೇಗಿದೆ? ಆಪರೇಷನ್ ಆದ ಮೇಲೆ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತೀರೆಂದು ಮೈದುನ ಹೇಳಿದ. ಮೀರಜಿನಲ್ಲಿ ರೊಟ್ಟಿ ಸಿಗುತ್ತದೋ, ಬರೀ ಚಪಾತಿ ತಿಂದು ಮುಖ ಸಣ್ಣ ಮಾಡಿಕೊಂಡಿದ್ದೀರೋ? ನಾವೆಲ್ಲ ಆರಾಮ ಎಂದು ಬರೆಯಬೇಕು, ಆದರೆ ಆರಾಮವಿಲ್ಲ. ಫೋನಿನಲ್ಲಿ ಗರಡಿಯ ಮಾತು ತೆಗೆದರೆ ಕಟ್ ಮಾಡುತ್ತೀರಿ. ಅದಕ್ಕೇ ಈ ಕಾಗದ. ಈರುಳ್ಳಿ ಲಾರಿ ತೆಗೆದುಕೊಂಡು ಅಲ್ಲಿಗೇ ಹೊರಟಿರುವ ಫಾರೂಕನ ಕೈಗೆ ಕೊಡುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂರಲು ಅವನಿಗೆ ಹೇಳಿದ್ದೇನೆ.

ಮೀರಜಿಗೆ ಹೋಗುವ ಮುಂಚೆ ಗರಡಿಯ ಪಂಚರ ಜೊತೆ ಕೂತು, ಹೆಣ್ಣುಮಕ್ಕಳು ಗರಡಿ ಮಣ್ಣು ತುಳಿಯಬಾರದು ಎಂಬ ನಿಯಮಕ್ಕೆ ಸಹಿ ಹಾಕಿದಿರಲ್ಲ, ಅದು ಈಗ ಊರಿನ ತಲೆಯ ಮೇಲೇ ಬಿದ್ದಿದೆ. ನಮ್ಮೂರಲ್ಲಿ ಪಂದ್ಯಾವಳಿ ನಡೆಸಬೇಕಿದ್ದ ಕುಸ್ತಿ ಲೀಗಿನವರು ಬಂದು ಗರಡಿಯ ಗೋಡೆಗೆ ಬರೆಸಿದ ನಿಯಮ ಓದಿದರು. 'ಹುಡುಗ್ಯಾರಿಗೆ ಬಾಗಲಾ ಹಾಕಿದಲ್ಲೆ ಹುಡುಗರ ಕುಸ್ತೀನೂ ಇಲ್ರಿ' ಎಂದವರೇ ಇಡೀ ಪಂದ್ಯಾವಳಿಯನ್ನು ಊರಿನಿಂದ ಈ ಕುಳಗೇರಿ ಕ್ರಾಸಿಗೆ ತಂದರು. ಚಹಾದಂಗಡಿಗೆ ತಂದ ಹಾಲು ಕೆಟ್ಟಿತು, ಹಲಗೆ ಬಾರಿಸುವವರು ಬಂದ ದಾರಿ ಹಿಡಿದರು. ಊರವರು ಪಂಚರನ್ನು ಬಿಟ್ಟು, ಕುಸ್ತಿಗೆ ಹೆಸರು ಕೊಟ್ಟ ನಿಮ್ಮ ಮಗಳನ್ನೂ ಗೌಸಸಾಬಣ್ಣನ ಮೊಮ್ಮಗಳು ಶಮಾಳನ್ನೂ ಬಯ್ಯುತ್ತಿದ್ದಾರೆ. 'ನಿನ್ನ ಮಗಳಿಂದ ಊರಿನ ಕುಸ್ತಿ ಹೋತು ನೋಡವಾ' ಎಂದು ಸಕ್ರವ್ವ ನಳದ ಹತ್ತಿರ ಎಲ್ಲರೆದುರು ಅಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನೂ ಸುಮ್ಮನಿರಲಿಲ್ಲ, ಅದನ್ನು ಇಲ್ಲಿ ಬರೆಯುವುದು ಬೇಡ.

ನನಗೆ ತಿಳಿಯದ್ದು ನಿಮ್ಮ ಸಹಿ. ನಿಮ್ಮ ಜೊತೆಗೇ ಉಸ್ತಾದನಾದ ಗೌಸಸಾಬಣ್ಣ ಹಾಕಲಿಲ್ಲ, ಎದ್ದು ಬಂದ. ನೀವು ಹಾಕಿದಿರಿ. ಮಹೇಶ್ವರಿಗೆ ಹಿತ್ತಲಲ್ಲಿ ಮೊದಲ ಪಟ್ಟು ಕಲಿಸಿದ್ದು ಯಾರು? 'ಹುಲಿ ಐತಿ ನನ್ನ ಮಗಳು' ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದು ಯಾರು? ಹಿತ್ತಲಲ್ಲಿ ಹುಲಿಯಾದವಳು ಗರಡಿಯ ಬಾಗಿಲಲ್ಲಿ ಮೈಲಿಗೆಯಾದಳೇ? ಎಂಥೆಂಥ ಪೈಲ್ವಾನರನ್ನು ಚಿತ್ ಮಾಡಿದವರು ನಾಲ್ಕು ಮುದುಕರ ಮುಂದೆ ಬಾಯಿ ಬಿಡಲಿಲ್ಲ. ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ನೋವಾಗಿದೆ. ಊರವರ ಬೈಗುಳ ಕೇಳಿ ಮಗಳು ಅಳುವುದಿಲ್ಲ, ಉಣ್ಣುವುದೂ ಇಲ್ಲ, ಅಂಗಳದಲ್ಲಿ ಸುಮ್ಮನೆ ತಿರುಗುತ್ತಾಳೆ. ಅವಳನ್ನು ನೋಡಿ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಇಲ್ಲಿ ಕೊಟ್ಟ ಜಾಗ ಅಂಗಡಿಗಳ ಹಿಂದಿನ ಬಯಲು. ಅಗೆದರೂ ಹದವಿಲ್ಲದ ಹಸಿ ಮಣ್ಣು, ನಿನ್ನೆ ಶಮಾಳ ಹೆಗಲು ತರಚಿತು. ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿಸದಿದ್ದರೆ ಮೈ ಕೀಳುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ವರ್ಷಾ ವರ್ಷ ಅವನ್ನೆಲ್ಲ ಗರಡಿಯ ಹೊಸ್ತಿಲಿಗೆ ಮುಟ್ಟಿಸಿದವರು ನಾವು ಹೆಂಗಸರೇ ಅಲ್ಲವೇ? ನಮ್ಮ ಕೈಯ ಅರಿಶಿನ ಬೇಕಾದ ಮಣ್ಣಿಗೆ ನಮ್ಮ ಕಾಲು ಬೇಡವಾಯಿತೇ? ಇಂದು ಬೆಳಿಗ್ಗೆ ಗೌಸಸಾಬಣ್ಣನ ಹೆಂಡತಿ ಲಾಡಬಿ ವೈನಿಯೂ ನಾನೂ ಟೆಂಪೋದಲ್ಲಿ ಎಣ್ಣೆ ಡಬ್ಬಿ, ಅರಿಶಿನ ತಂದೆವು. ಹಿಂದಿನಿಂದ ಮಜ್ಜಿಗೆ ಕೊಡ ಹಿಡಿದು ಇಳಿದವಳು ಯಾರು ಗೊತ್ತೇ? ಸಕ್ರವ್ವ! 'ಬೈದದ್ದು ಬೈದ್ನಿ, ಮಣ್ಣಾ ಉಪಾಸ ಇರಬಾರ್ದವಾ' ಎಂದಳು. ಸೀರೆ ಎತ್ತಿ ಕಟ್ಟಿ ಮೂವರೂ ತುಳಿದು ಕಲಸಿದೆವು. ಕಾಲಿಗೆ ತಂಪಾಗಿತ್ತು. ಇದಕ್ಕಾಗಿಯೇ ಇಷ್ಟು ವರ್ಷ ನಮ್ಮನ್ನು ಹೊರಗಿಟ್ಟರೋ ಎಂದು ನಗು ಬಂತು.

ಮಾತ್ರೆ ತಪ್ಪಿಸಬೇಡಿ. ಮೈದುನನ ಹೆಂಡತಿಗೆ ನೆನಪು ಹೇಳಿ, ಮಕ್ಕಳಿಗೆ ಮುದ್ದು.

ಸಿಟ್ಟಿದ್ದರೂ ನಿಮ್ಮವಳೇ ಆದ
ಇಂದ್ರಾಬಾಯಿ

ತಾ.ಕ.: ಫಾರೂಕ ಹಾರ್ನ್ ಹೊಡೆಯುತ್ತಿದ್ದಾನೆ. ಭಾನುವಾರ ಮಹೇಶ್ವರಿಯ ಫೈನಲ್. ಕಣಕ್ಕೆ ಇಳಿಯುವ ಮುಂಚೆ ಮನೆಯ ಹಿರಿಯರು ಹೆಗಲಿಗೆ ಮಣ್ಣು ಹಚ್ಚಬೇಕಲ್ಲ, ಗೌಸಸಾಬಣ್ಣ ತಾನು ಹಚ್ಚುತ್ತೇನೆಂದರೆ ಇವಳು ಒಪ್ಪುತ್ತಿಲ್ಲ. 'ಅಪ್ಪ ಇದ್ದಿದ್ರ ಪಂಚರಿಗೆ ಸಹಿ ಹಾಕಾಕ ಬಿಡ್ತಿದ್ದಿಲ್ಲ, ಅಪ್ಪನಽ ಬಂದು ಹಚ್ಚತಾನ' ಎನ್ನುತ್ತಾಳೆ. ಸಹಿ ಹಾಕಿದವರಲ್ಲಿ ನೀವೂ ಒಬ್ಬರೆಂದು ಅವಳಿಗೆ ಗೊತ್ತಿಲ್ಲ. ಗೌಸಸಾಬಣ್ಣನೂ ಹೇಳಿಲ್ಲ, ನಾನೂ ಹೇಳಿಲ್ಲ. ಶನಿವಾರ ಲಾರಿ ಖಾಲಿ ಬರುತ್ತದೆ, ಮುಂದಿನ ಸೀಟು ನಿಮಗೆ ಇಟ್ಟಿದೆ. ಬಂದು ಮೊದಲು ಆ ಸಹಿಯ ಮಾತನ್ನು ಅವಳಿಗೆ ಹೇಳಿ. ಆಮೇಲೆ ಅವಳು ಹೆಗಲು ಕೊಟ್ಟರೆ, ಮಣ್ಣು ಹಚ್ಚಿ.