ಅಕ್ಕನ ಉಪಯೋಗಕ್ಕೆ ಬಾರದ ಪ್ಲಾನ್

ನವೆಂಬರ್ ೧೨, ಬುಧವಾರ

ತಪ್ಪು ಪ್ಲಾನ್ ತೆಗೆದುಕೊಂಡೆ. ಪರದೇಶದಲ್ಲಿ ಮೊದಲ ಫೋನು ಕೊಳ್ಳುವ ಸಡಗರ. "ಹೆಚ್ಚಾಗಿ ಯಾರ ಹತ್ರ ಮಾತಾಡ್ತೀರಿ?" ಎಂದು ಅಂಗಡಿಯವಳು ಕೇಳಿದಾಗ "ಮನೆಯವರ ಹತ್ರ" ಎಂದೆ. ಅವಳು ಕೊಟ್ಟ ಪ್ಲಾನಿನಲ್ಲಿ ಊರಿಗೆ ಎಷ್ಟು ಹೊತ್ತಾದರೂ ಮಾತಾಡಬಹುದು, ಡೇಟಾ ಮಾತ್ರ ಕಡಿಮೆ. ಎರಡು ವರ್ಷಕ್ಕೆ ಸಹಿ ಹಾಕಿದೆ. ಅಕ್ಕನಿಗೆ ಕಿವಿ ಕೇಳಿಸದು, ಅವಳ ಮಾತೆಲ್ಲ ಕೈಸನ್ನೆಯಲ್ಲಿ ಎಂಬುದು ಆಗ ನೆನಪಿಗೇ ಬರಲಿಲ್ಲ. ಹದಿನೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು ನಾವು.

ಸಂಜೆ ಡೇಟಾ ಮುಗಿದು, ವಿಡಿಯೋದಲ್ಲಿ ಅವಳ ಕೈಗಳು ಗಾಳಿಯಲ್ಲೇ ನಿಂತುಬಿಟ್ಟವು. "ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಕ್ಕಾ" ಎಂದು ಎಸ್ಸೆಮ್ಮೆಸ್‌ನಲ್ಲಿ ಸುಳ್ಳು ಬರೆದು ಕಳಿಸಿದೆ. "ಬೇಜಾರಾಗ್ಬೇಡ, ನಾಳೆಯಿಂದ ನಿಧಾನವಾಗಿ ಕೈ ಆಡಿಸ್ತೀನಿ" ಎಂದು ಬರೆದಳು.

ನಿಜ ಹೇಳಿಬಿಡಬೇಕು. ಹೇಳಿದರೆ, ಸಹಿ ಹಾಕುವಾಗ ಅವಳನ್ನು ನಾನು ಮರೆತೇಬಿಟ್ಟಿದ್ದೆ ಎಂದು ಅವಳಿಗೆ...