ಕುರ್ಲಾದ ಖಾಲಿ ಜಾಗ

ಶಿವಪುತ್ರಾ,

ನೀ ಇನ್ನೂ ಮಲಗೀದಿ. ಎದುರಿಗೆ ಹೇಳಿದ್ರ ನನ್ನ ಹೋಗಗೊಡತಿದ್ದಿಲ್ಲ, ಅದಕ್ಕ ಬರದಿಟ್ಟು ಕುರ್ಲಾಕ್ಕ ನೀಲವ್ವ ಚಿಗವ್ವನ ಮನಿಗೆ ಹೊಂಟೀನಿ.

ರೊಟ್ಟಿ ಡಬ್ಬಿಯೊಳಗ ಅದಾವ. ಜುಣಕ ಬಿಸಿ ಮಾಡ್ಕೊ. ಬರೇ ಚಾ ಕುಡದು ಹೋಗಬ್ಯಾಡ, ಹೊಟ್ಟಿ ಉರೀತದ ನಿನಗ. ಕೋಟು ಇಸ್ತ್ರಿ ಆಗಿ ಬಂದದ, ಬಾಗಲ ಹಿಂದ ಹಾಕೀನಿ.

ನಿನ್ನೆ ಊಟಕ್ಕ ಕೂತಾಗ ನೀನೇ ಹೇಳಿದಿ. ಇವತ್ತು ಜಾಗಾ ಕೊಳ್ಳಾಕ ಬಂದ ಪರದೇಶದ ಸಾಹೇಬರಿಗೆ ಕುರ್ಲಾದ ನಮ್ಮ ಹಳೇ ಚಾಳಿನ ಜಾಗಾ ತೋರಸೋದದ, ಅಲ್ಲಿ ಯಾರೂ ಇಲ್ಲ, ಖಾಲಿ ಅದ ಅಂತ ನೀ ಕೆಲಸಾ ಮಾಡೋ ಕಾನ್ಸುಲೇಟ್ ಕಡಿಂದ ನೀನೇ ಮಾತು ಕೊಟ್ಟೀದಿ ಅಂತ. ಹೇಳಿ, ಮಜ್ಜಿಗಿ ಹಾಕು ಅಂದಿ. ನಾ ಹಾಕಿದೆ.

ಖಾಲಿ ಹ್ಯಾಂಗಪಾ? ನೀಲವ್ವ ಇನ್ನೂ ಅಲ್ಲೇ ಅಡಿಗಿ ಮಾಡತಾಳ. ನಿಮ್ಮಪ್ಪ ಹೋದ ಮ್ಯಾಲ ನಾ ಕೆಲಸಕ್ಕ ಹೋದರ ನಿನ್ನ ಉಣಿಸಿ ಮಲಗಸ್ತಿದ್ದಾಕಿ ಅಕಿ. ನೀವು ಜಾಗಾದ ಕಾಗದಕ್ಕ ಸಹಿ ಮಾಡಿದ ಮರುದಿನ ಬುಲ್ಡೋಜರ್ ಬರತದ. ಅಕಿ ಎಲ್ಲಿಗೆ ಹೋಗಬೇಕು?

ನಾವಿಬ್ಬರೂ ಅಕಿ ಹೊಸ್ತಿಲ ಮುಂದ ಕುಂತಿರತೀವಿ. ಚೀರಾಡಂಗಿಲ್ಲ, ನಿನ್ನ ಹೆಸರು ಹಿಡದು ಕರಿಯಂಗಿಲ್ಲ. ನೀವು ಕಾರಿನಿಂದ ಇಳದ ಮ್ಯಾಲ, ಈ ಮುದುಕೇರು ಯಾರು ಅಂತ ಸಾಹೇಬರು ಕೇಳೇ ಕೇಳತಾರ. ಅವರ ಭಾಷಾ ನನಗ ತಿಳಿಯೂದಿಲ್ಲ ಖರೆ. ನೀ ಏನು ಹೇಳಿದಿ ಅನ್ನೋದು ನಿನ್ನ ಮಾರಿ ನೋಡಿದರ ತಿಳೀತದ.

ಕೀಲಿ ಬಾಜೂ ಮನಿಯಾಗ ಕೊಡು. ಸಂಜಿಗೆ ನಾ ಈ ಮನಿಗೆ ಬರೋದು ಬಿಡೋದು ನೀ ಹೇಳೋದರ ಮ್ಯಾಲ ಅದ.

ಅವ್ವ